ವಾಲ್ವ್ ರೇಡಿಯೋ ರಿಪೇರಿ: ಮೊದಲು ಪ್ಲಗ್ ಹಾಕಬೇಡಿ

ಅಟ್ಟದಿಂದ ಹಳೆಯ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವುಗಳಿಂದ ಓಡುವುದು) ಇಳಿಸಿದ ಕೂಡಲೇ ಕೈ ತಾನಾಗಿಯೇ ಪ್ಲಗ್ ಪಾಯಿಂಟ್ ಹುಡುಕುತ್ತದೆ. ದಯವಿಟ್ಟು ಹಾಕಬೇಡಿ. ಸುಮ್ನೆ ಒಂದು ಸಲ ನೋಡೋಣ ಅಂತಲೂ ಬೇಡ. ನನ್ನ ಮೊದಲ ಸೆಟ್ಟನ್ನು ನಾನು ಹಾಳು ಮಾಡಿದ್ದೇ ಹಾಗೆ. ಡಯಲ್ ದೀಪ ಹತ್ತಿತು. ಅರ್ಧ ನಿಮಿಷದಲ್ಲಿ ಸ್ಪೀಕರಿನಿಂದ ಗುಂಯ್ ಅನ್ನುವ ಸದ್ದು ಬಂತು. ಖುಷಿಯಲ್ಲಿ ಮನೆಯವರನ್ನೆಲ್ಲ ಕೂಗಿ ಕರೆದೆ. ಅವರು ಬಂದು ನಿಲ್ಲುವಷ್ಟರಲ್ಲಿ ಕೋಣೆ ತುಂಬ ಸುಟ್ಟ ಮೇಣದ ವಾಸನೆ. ಸ್ಪೀಕರಿಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಅದನ್ನು ಸುಟ್ಟಿದ್ದು ಬೆರಳುದ್ದದ ಒಂದು ಪೇಪರ್ ಕೆಪ್ಯಾಸಿಟರ್.

ಹಳೆಯ ರೇಡಿಯೋ ಮಾತಾಡದಿದ್ದರೆ ಎಲ್ಲರೂ ಮೊದಲು ಬೈಯುವುದು ವಾಲ್ವನ್ನು. ಪಾಪ, ಹೆಚ್ಚಿನ ಸಲ ಅದರ ತಪ್ಪೇ ಇರುವುದಿಲ್ಲ. ವಾಲ್ವ್, ಕಾಯಿಲ್, ಟ್ರಾನ್ಸ್‌ಫಾರ್ಮರ್ ಎಲ್ಲ ಗಟ್ಟಿ ಪಿಂಡಗಳು. ಕಾಲ ಕಳೆದ ಹಾಗೆ ಕೆಡುವುದು ಕೆಪ್ಯಾಸಿಟರ್, ಅಂದರೆ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಕಂಡೆನ್ಸರ್. ಈ ಬರಹದ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ಜೀವಕ್ಕೆ ಸಂಬಂಧಿಸಿದ ಮಾತು ಮೊದಲು

ವಾಲ್ವ್ ರೇಡಿಯೋದ ಒಳಗೆ 200ರಿಂದ 300 ವೋಲ್ಟ್ ಡಿ.ಸಿ. ಓಡಾಡುತ್ತಿರುತ್ತದೆ. ಇದಕ್ಕೆ ಬಿ ಪ್ಲಸ್ ಅಥವಾ ಎಚ್.ಟಿ. ಅನ್ನುತ್ತಾರೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರಿನಲ್ಲಿ (ದೊಡ್ಡ ಅಲ್ಯೂಮಿನಿಯಂ ಡಬ್ಬಿ) ಅದು ಉಳಿದಿರಬಹುದು. ಹಾಗಾಗಿ ಪ್ರತಿ ಸಲವೂ ಪ್ಲಗ್ ಕಿತ್ತು, 2.2 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪುಗಳಿಂದ ಕೆಪ್ಯಾಸಿಟರಿನ ಪ್ಲಸ್ ಮತ್ತು ಮೈನಸ್ ನಡುವೆ ಕೆಲವು ಸೆಕೆಂಡ್ ಇಡಿ. ಆಮೇಲೆ ಮಲ್ಟಿಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಅಭ್ಯಾಸ ಕೆಲವರಿಗಿದೆ. ಅದು ಕೆಪ್ಯಾಸಿಟರಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ. ಕರೆಂಟ್ ಇದ್ದಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿರಲಿ. ಉಂಗುರ, ವಾಚ್ ತೆಗೆದಿಡಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೆಲವು ಸೆಟ್ಟುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಎ.ಸಿ./ಡಿ.ಸಿ. ಎರಡರಲ್ಲೂ ಓಡಲಿ ಅಂತ ಅಗ್ಗವಾಗಿ ಮಾಡಿದ ಸೆಟ್ಟುಗಳಿವು. ಇವುಗಳಲ್ಲಿ ವಾಲ್ವಿನ ಹೀಟರುಗಳೆಲ್ಲ (ವಾಲ್ವಿನೊಳಗೆ ಕಾಯುವ ತಂತಿಗಳು) ಸರಣಿಯಲ್ಲಿ ಒಂದರ ಹಿಂದೆ ಒಂದು ಇರುತ್ತವೆ. ಅಮೆರಿಕದ ಐದು ವಾಲ್ವಿನ ಜನಪ್ರಿಯ ಜೋಡಣೆ ನೋಡಿ: 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4. ಮೊದಲ ಅಂಕಿಗಳೇ ಹೀಟರ್ ವೋಲ್ಟೇಜ್. ಕೂಡಿಸಿದರೆ ಸುಮಾರು 120 ಆಗುತ್ತದೆ, ಅಂದರೆ ಸರಿಯಾಗಿ ಅಲ್ಲಿನ ಮೇನ್ಸ್ ವೋಲ್ಟೇಜ್. ಯೂರೋಪಿನ ಸೆಟ್ಟುಗಳಲ್ಲಿ ವಾಲ್ವಿನ ಹೆಸರು 'ಯು' ಅಕ್ಷರದಿಂದ ಶುರುವಾದರೆ (ಯುಸಿಎಲ್82, ಯುವೈ85) ಇದೇ ಜಾತಿ ಅಂತ ತಿಳಿಯಿರಿ. ಇಂಥ ಸೆಟ್ಟಿನಲ್ಲಿ ಮೇನ್ಸಿನ ಒಂದು ತಂತಿ ನೇರವಾಗಿ ಚಾಸಿಗೇ, ಅಂದರೆ ಬಿಡಿಭಾಗಗಳೆಲ್ಲ ಕೂತಿರುವ ಲೋಹದ ತಟ್ಟೆಗೇ, ಸೇರಿರುತ್ತದೆ. ಪ್ಲಗ್ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಚಾಸಿ ಪೂರ್ತಿ ಲೈವ್ ಆಗಬಹುದು. ನಾಬ್ ಕಳಚಿಹೋದ ಕಡ್ಡಿಯನ್ನು ಮುಟ್ಟಿದರೂ ಶಾಕ್.

ಪರೀಕ್ಷೆ ಸುಲಭ. ಪ್ಲಗ್ ಹೊರಗಿರಲಿ, ರೇಡಿಯೋದ ಸ್ವಿಚ್ ಮಾತ್ರ ಆನ್ ಮಾಡಿ. ಪ್ಲಗ್ಗಿನ ಪಿನ್ನುಗಳಿಂದ ಚಾಸಿಗೆ ಓಮ್ ಅಳೆಯಿರಿ. ಒಂದು ಪಿನ್ನು ಸೊನ್ನೆಯ ಹತ್ತಿರ ತೋರಿಸಿದರೆ ಅದು ಲೈವ್ ಚಾಸಿಯ ಸೆಟ್. ಅದನ್ನು ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇಜಿನ ಮೇಲೆ ತೆರೆದು ಓಡಿಸಲೇಬೇಡಿ. ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ವೇರಿಯಾಕ್ ವೋಲ್ಟೇಜ್ ಇಳಿಸುತ್ತದೆ ಅಷ್ಟೆ, ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಇದು ನಿಮ್ಮ ಮೊದಲ ರೇಡಿಯೋ ಆಗಿದ್ದರೆ, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟನ್ನೇ ಆರಿಸಿಕೊಳ್ಳಿ ಅಂತ ನನ್ನ ಸಲಹೆ.

ಬೇಕಾಗುವ ಸಾಮಾನು

ಮಲ್ಟಿಮೀಟರ್, 40 ವ್ಯಾಟ್ ಆಸುಪಾಸಿನ ಸೋಲ್ಡರಿಂಗ್ ಐರನ್, ಸೋಲ್ಡರ್ ಹೀರುವ ಪಂಪ್, ಮೂಗು ಚೂಪಾದ ಇಕ್ಕಳ, ಮೆತ್ತಗಿನ ಪೇಂಟ್ ಬ್ರಷ್, ಎಲೆಕ್ಟ್ರಾನಿಕ್ಸಿಗೆ ಅಂತಲೇ ಬರುವ ಕಾಂಟ್ಯಾಕ್ಟ್ ಕ್ಲೀನರ್. ಇದರ ಜೊತೆಗೆ ಒಂದು ಬಲ್ಬ್ ಟೆಸ್ಟರ್ ಬೇಕೇ ಬೇಕು. ಒಂದು ಹಳೇ ಕಾಲದ ತಂತಿ ಬಲ್ಬನ್ನು ರೇಡಿಯೋದ ಫೇಸ್ ತಂತಿಗೆ ಸರಣಿಯಲ್ಲಿ ಸೇರಿಸಿದರೆ ಆಯಿತು. ಎಲ್‌ಇಡಿ ನಡೆಯುವುದಿಲ್ಲ. ರೇಡಿಯೋದಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ರೇಡಿಯೋ ಬಚಾವಾಗುತ್ತದೆ. ಶುರುವಿಗೆ 60 ವ್ಯಾಟ್, ಎಲ್ಲ ಸರಿ ಅನ್ನಿಸಿದ ಮೇಲೆ 100 ವ್ಯಾಟ್.

ಸರ್ಕ್ಯೂಟ್ ನಕ್ಷೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸೆಟ್ಟಿನ ಹಿಂಬದಿಯ ಹಲಗೆಯಲ್ಲೋ, ಪೆಟ್ಟಿಗೆಯ ಒಳಗೋ ಮಾಡೆಲ್ ನಂಬರ್ ಇರುತ್ತದೆ. ಹೆಚ್ಚಿನ ಮಾಡೆಲ್‌ಗಳ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಬದಲಿಸಿದ ಪ್ರತಿ ಬಿಡಿಭಾಗದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ.

ಬಿಚ್ಚುವುದು, ಧೂಳು ತೆಗೆಯುವುದು

ನಾಬ್ ಎಳೆಯುವ ಮುಂಚೆ ಅದರ ಬದಿಯಲ್ಲಿ ಪುಟ್ಟ ಸ್ಕ್ರೂ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ತೆಳು ಬಟ್ಟೆಯನ್ನು ನಾಬಿನ ಹಿಂದೆ ಸುತ್ತಿ ಎರಡೂ ಕಡೆಯಿಂದ ಸಮನಾಗಿ ಎಳೆಯಿರಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಬೇಕಲೈಟ್ ಒಡೆಯುತ್ತದೆ. ಚಾಸಿ ಸಾಮಾನ್ಯವಾಗಿ ತಳದ ನಾಲ್ಕು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಎಳೆಯುವಾಗ ಸ್ಪೀಕರಿನ ತಂತಿ ಮರೆಯಬೇಡಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವ ವಾಲ್ವ್ ಯಾವ ಸಾಕೆಟ್ಟಿನಲ್ಲಿತ್ತು, ಡಯಲ್ ದಾರ ರಾಟೆಗಳ ಮೇಲೆ ಹೇಗೆ ಸುತ್ತಿತ್ತು, ಎಲ್ಲವನ್ನೂ.

ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ವಾಲ್ವನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ, ಗಾಜಿನ ಮೇಲಿನ ನಂಬರ್ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ಇಲಿ ಕಡಿದ ತಂತಿ, ಮುಟ್ಟಿದರೆ ಪುಡಿಯಾಗುವ ರಬ್ಬರ್ ಇನ್ಸುಲೇಶನ್ ಕಂಡರೆ ಗುರುತು ಮಾಡಿಕೊಳ್ಳಿ. ರೆಕ್ಟಿಫೈಯರ್ ವಾಲ್ವಿನ (ಎ.ಸಿ.ಯನ್ನು ಡಿ.ಸಿ. ಮಾಡುವ ವಾಲ್ವ್) ಮೇಲೆ, ಪೆಟ್ಟಿಗೆಯ ಒಳಗೆ, ಬೂದುಬಿಳಿ ಬಣ್ಣದ ಹಾಳೆ ಅಂಟಿಸಿದ್ದರೆ ಅದು ಕಲ್ನಾರು ಆಗಿರಬಹುದು. ಕೆರೆಯಬೇಡಿ, ಹಾಗೇ ಬಿಡಿ.

ಡಯಲ್ ಗಾಜಿನ ಬಗ್ಗೆ ಒಂದು ಮಾತು. ಊರುಗಳ ಹೆಸರು, ಮೀಟರಿನ ಅಂಕಿಗಳು ಗಾಜಿನ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ. ವರ್ಷಗಳಾದ ಮೇಲೆ ಆ ಬಣ್ಣಕ್ಕೆ ಗಾಜಿನ ಮೇಲೆ ಹಿಡಿತವೇ ಇರುವುದಿಲ್ಲ. ನಾನೊಮ್ಮೆ ಗಾಜು ಒರೆಸುವ ದ್ರಾವಣದಲ್ಲಿ ಹತ್ತಿ ಅದ್ದಿ ಹಿಂದೆ ಒಂದೇ ಒಂದು ಸಲ ಎಳೆದೆ. ಹತ್ತಿ ತಿರುಗಿಸಿ ನೋಡಿದರೆ ರೋಮ್ ಅದರ ಮೇಲಿತ್ತು. ಗಾಜಿನಲ್ಲಿ ಬರೀ ಜಾಗ. ಮುಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿಂಬದಿಗೆ ಒಣ ಬ್ರಷ್ ಮಾತ್ರ, ಅದೂ ಅಕ್ಷರಗಳ ಸುತ್ತ.

ಕರೆಂಟ್ ಇಲ್ಲದೆ ಮಾಡುವ ಅಳತೆ

ಮೊದಲು ಟ್ರಾನ್ಸ್‌ಫಾರ್ಮರುಗಳು. ಇವು ಹೋಗಿದ್ದರೆ ಉಳಿದ ಖರ್ಚೆಲ್ಲ ದಂಡ, ಆದ್ದರಿಂದ ಶುರುವಿಗೇ ನೋಡಿಬಿಡಿ. ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕೆಲವು ಹತ್ತು ಓಮ್ ತೋರಿಸಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸಾಮಾನ್ಯವಾಗಿ ಕೆಲವು ನೂರು ಓಮ್. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ.

ವಾಲ್ವುಗಳಲ್ಲಿ ಹೀಟರ್ ಪಿನ್ನುಗಳ ನಡುವೆ ಓಮ್ ಬಂದರೆ ಹೀಟರ್ ಇದೆ ಅಂತ ಅರ್ಥ. ಒಂಬತ್ತು ಪಿನ್ನಿನ ಹೆಚ್ಚಿನ ವಾಲ್ವುಗಳಲ್ಲಿ ಅದು 4 ಮತ್ತು 5ನೇ ಪಿನ್. ಗಾಜಿನ ಒಳಗೆ ಕನ್ನಡಿಯಂಥ ಬೆಳ್ಳಿ ಬಣ್ಣದ ಮಚ್ಚೆ ಇರಬೇಕು. ಅದಕ್ಕೆ ಗೆಟರ್ ಅನ್ನುತ್ತಾರೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಗೆ ಹೋಗಿದೆ, ಆ ವಾಲ್ವ್ ಮುಗಿಯಿತು. ಬೇರೆ ಯಾವ ವಾಲ್ವನ್ನೂ ಈಗಲೇ ಕೊಳ್ಳಬೇಡಿ.

ರೆಸಿಸ್ಟರುಗಳಿಗೆ ಒಂದು ಉಪಾಯ ಇದೆ. ಬಿಚ್ಚದೆ, ಸರ್ಕ್ಯೂಟಿನಲ್ಲಿ ಇದ್ದ ಹಾಗೇ ಅಳೆದಾಗ ಪಕ್ಕದ ದಾರಿಗಳು ಸೇರಿಕೊಂಡು ಓದು ಕಡಿಮೆ ಬರಬಹುದು. ಜಾಸ್ತಿ ಮಾತ್ರ ಬರಲಾರದು. ಕೆಪ್ಯಾಸಿಟರುಗಳು ಪೂರ್ತಿ ಖಾಲಿ ಆಗಿರಬೇಕು ಅಷ್ಟೆ. ಹಾಗಾಗಿ ಬರೆದದ್ದಕ್ಕಿಂತ 20 ಶೇಕಡಾ ಮೀರಿ ಜಾಸ್ತಿ ತೋರಿಸಿದ್ದನ್ನು ಕಣ್ಣು ಮುಚ್ಚಿ ಬದಲಿಸಿ. ಹಳೆಯ ಕಾರ್ಬನ್ ರೆಸಿಸ್ಟರುಗಳ ಮೌಲ್ಯ ವಯಸ್ಸಾದ ಹಾಗೆ ಏರುತ್ತಲೇ ಹೋಗುತ್ತದೆ. ಕಡಿಮೆ ತೋರಿಸಿದರೆ ಒಂದು ಕಾಲು ಬಿಡಿಸಿ ಮತ್ತೆ ಅಳೆಯಿರಿ.

ಕೆಪ್ಯಾಸಿಟರ್ ಬದಲಿಸುವುದು

ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ದೊಡ್ಡ ಅಲ್ಯೂಮಿನಿಯಂ ಡಬ್ಬಿಯ ಫಿಲ್ಟರ್ ಕೆಪ್ಯಾಸಿಟರ್, ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿ ಎರಡು. ಒಳಗಿನ ದ್ರಾವಣ ಒಣಗಿರುತ್ತದೆ. ಇದು ಹೋದರೆ ಗುಂಯ್ ಸದ್ದು, ಶಾರ್ಟ್ ಆದರೆ ರೆಕ್ಟಿಫೈಯರ್ ವಾಲ್ವ್ ಬಲಿ. ನಿಧಾನವಾಗಿ ವೋಲ್ಟೇಜ್ ಏರಿಸಿ ಹಳೆಯದನ್ನೇ ಪಳಗಿಸುವವರಿದ್ದಾರೆ. ನನಗೆ ಆ ಸಹನೆಯೂ ಇಲ್ಲ, ನಂಬಿಕೆಯೂ ಇಲ್ಲ. 32 ಮೈಕ್ರೋಫ್ಯಾರಡ್ ಇದ್ದಲ್ಲಿ 33, 50 ಇದ್ದಲ್ಲಿ 47 ಹಾಕಿ. ವೋಲ್ಟೇಜ್ 450 ಇರಲಿ. ದೊಡ್ಡದು ಹಾಕಿದರೆ ಸದ್ದು ಇನ್ನೂ ಕಡಿಮೆ ಆಗುತ್ತೆ ಅಲ್ವಾ ಅಂತ 100 ಹಾಕಬೇಡಿ. ರೆಕ್ಟಿಫೈಯರಿನ ಪಕ್ಕದ ಮೊದಲ ಕೆಪ್ಯಾಸಿಟರಿಗೆ ಮಿತಿ ಇದೆ. ಇಜೆಡ್80 ವಾಲ್ವಿಗೆ ಅದು 50 ಮೈಕ್ರೋಫ್ಯಾರಡ್. ಮೀರಿದರೆ ಪ್ರತಿ ಸಲ ಆನ್ ಮಾಡಿದಾಗಲೂ ವಾಲ್ವಿಗೆ ಪೆಟ್ಟು. ಹಳೆಯ ಡಬ್ಬಿ ಅಂದಕ್ಕೆ ಮೇಲೆ ನಿಂತಿರಲಿ, ಆದರೆ ಅದರ ತಂತಿ ಬಿಡಿಸಿ. ಹೊಸದನ್ನು ಚಾಸಿಯ ಕೆಳಗೆ ಟ್ಯಾಗ್ ಪಟ್ಟಿಯ ಮೇಲೆ ಕೂರಿಸಿ. ಮೈನಸ್ ಕಾಲು ಚಾಸಿಗೇ ಹೋಗುತ್ತದೆ ಅಂದುಕೊಳ್ಳಬೇಡಿ. ಕೆಲವು ಸೆಟ್ಟುಗಳಲ್ಲಿ ಅದು ಒಂದು ಬಯಾಸ್ ರೆಸಿಸ್ಟರಿನ ಮೂಲಕ ಹೋಗುತ್ತದೆ. ನಕ್ಷೆ ನೋಡಿ.

ಎರಡನೆಯದು ಮೇಣ ಅಥವಾ ಡಾಂಬರು ಬಳಿದ ಪೇಪರ್ ಕೆಪ್ಯಾಸಿಟರುಗಳು. ಎಲ್ಲವನ್ನೂ ಬದಲಿಸಿ, ಪರೀಕ್ಷೆ ಮಾಡುತ್ತ ಕೂರಬೇಡಿ. ಕಡಿಮೆ ವೋಲ್ಟೇಜಿನ ಮೀಟರಿನಲ್ಲಿ ಚೆನ್ನಾಗಿಯೇ ಕಾಣುತ್ತವೆ, 200 ವೋಲ್ಟ್ ಬಿದ್ದಾಗ ಸೋರುತ್ತವೆ. ಬದಲಿಗೆ 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಕಿ. 0.05 ಇದ್ದಲ್ಲಿ 0.047, 0.02 ಇದ್ದಲ್ಲಿ 0.022 ಧಾರಾಳವಾಗಿ ನಡೆಯುತ್ತದೆ. ಹಳೆಯದರ ಮೇಲೆ ಬರೀ 10,000 ಅಂತಿದ್ದರೆ ಅದು ಪಿಕೋಫ್ಯಾರಡ್, ಅಂದರೆ 0.01 ಮೈಕ್ರೋಫ್ಯಾರಡ್.

ಒಂದು ತೆಗೆದು ಒಂದು ಹಾಕಿ. ಎಲ್ಲವನ್ನೂ ಕತ್ತರಿಸಿ ಗುಡ್ಡೆ ಹಾಕಿಕೊಂಡರೆ ಮುಂದಿನ ಭಾನುವಾರವೂ ಅಲ್ಲೇ ಕೂತಿರುತ್ತೀರಿ.

ಇವುಗಳಲ್ಲಿ ನನ್ನ ಟ್ರಾನ್ಸ್‌ಫಾರ್ಮರ್ ಸುಟ್ಟ ಆಸಾಮಿ ಯಾರು ಅಂತ ಈಗ ಹೇಳುತ್ತೇನೆ. ಆಡಿಯೋದ ಮೊದಲ ವಾಲ್ವಿನ ಪ್ಲೇಟಿನಿಂದ (ಎಲೆಕ್ಟ್ರಾನ್ ಬಂದು ಸೇರುವ ತಗಡು) ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟಿಗೆ ಲಗಾಮು ಹಾಕುವ ಜಾಲರಿ) ಹೋಗುವ ಕಪ್ಲಿಂಗ್ ಕೆಪ್ಯಾಸಿಟರ್, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್. ಅದರ ಒಂದು ತುದಿಯಲ್ಲಿ ನೂರರ ಆಸುಪಾಸು ವೋಲ್ಟ್ ಇರುತ್ತದೆ, ಇನ್ನೊಂದು ತುದಿಯಲ್ಲಿ ಸೊನ್ನೆ ಇರಬೇಕು. ಅದು ಸ್ವಲ್ಪ ಸೋರಿದರೂ ಗ್ರಿಡ್ ಪಾಸಿಟಿವ್ ಆಗುತ್ತದೆ. ಆಗ ಔಟ್‌ಪುಟ್ ವಾಲ್ವ್ ಲಗಾಮಿಲ್ಲದೆ ಕರೆಂಟ್ ಎಳೆಯುತ್ತದೆ. ಪ್ಲೇಟ್ ಕೆಂಪಗೆ ಕಾಯುತ್ತದೆ, ಆ ಕರೆಂಟೆಲ್ಲ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯಲ್ಲೇ ಹಾದುಹೋಗಬೇಕು. ಮಜಾ ಏನೆಂದರೆ, ಅಷ್ಟು ಹೊತ್ತೂ ರೇಡಿಯೋ ಹಾಡುತ್ತಲೇ ಇರಬಹುದು. ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಮೂರನೆಯದು ಮೇನ್ಸಿಗೆ ಅಂಟಿಕೊಂಡಿರುವ ಕೆಪ್ಯಾಸಿಟರ್. ಇಲ್ಲಿ ಸಾಮಾನ್ಯ ಫಿಲ್ಮ್ ಕೆಪ್ಯಾಸಿಟರ್ ಹಾಕುವಂತಿಲ್ಲ. ಮೇನ್ಸಿನ ಎರಡು ತಂತಿಗಳ ನಡುವೆ ಇದ್ದರೆ ಎಕ್ಸ್2 ದರ್ಜೆಯದ್ದು, ತಂತಿಯಿಂದ ಚಾಸಿಗೆ ಇದ್ದರೆ ವೈ2 ದರ್ಜೆಯದ್ದು.

ಸಿಲ್ವರ್ ಮೈಕಾ, ಸೆರಾಮಿಕ್ ಕೆಪ್ಯಾಸಿಟರುಗಳಿಗೆ ಕೈ ಹಚ್ಚಬೇಡಿ. ಸಾಮಾನ್ಯವಾಗಿ ಅವು ಚೆನ್ನಾಗಿಯೇ ಇರುತ್ತವೆ, ತೆಗೆದರೆ ಟ್ಯೂನಿಂಗ್ ಕೆಡುತ್ತದೆ.

ಇದೇ ಹೊತ್ತಿಗೆ ಹಳೆಯ ಮೇನ್ಸ್ ತಂತಿಯನ್ನೂ ಬದಲಿಸಿ, ಫ್ಯೂಸ್ ಇಲ್ಲದಿದ್ದರೆ ಒಂದನ್ನು ಸೇರಿಸಿ. ಟ್ರಾನ್ಸ್‌ಫಾರ್ಮರ್ ಸೆಟ್ಟಿಗೆ ಮೂರು ಪಿನ್ನಿನ ತಂತಿ ಹಾಕಿ ಚಾಸಿಗೆ ಅರ್ತ್ ಕೊಡಬಹುದು. ಲೈವ್ ಚಾಸಿಯ ಸೆಟ್ಟಿಗೆ ಖಂಡಿತ ಬೇಡ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಸೆಟ್ಟುಗಳಲ್ಲಿ ಮೇನ್ಸ್ ತಂತಿಯ ಒಳಗೇ ರೆಸಿಸ್ಟೆನ್ಸ್ ತಂತಿ ಇರುತ್ತದೆ. ಅದನ್ನು ಗಿಡ್ಡ ಮಾಡಿದರೆ ವಾಲ್ವುಗಳಿಗೆ ಜಾಸ್ತಿ ವೋಲ್ಟೇಜ್ ಹೋಗುತ್ತದೆ.

ಮೊದಲ ಸಲ ಕರೆಂಟ್

ಹಿಂಬದಿಯಲ್ಲಿ 110, 127, 220, 240 ಅಂತ ಬರೆದ ಸೆಲೆಕ್ಟರ್ ಇದ್ದರೆ ನಿಮ್ಮ ಮೇನ್ಸಿಗೆ ಸರಿಯಾಗಿ ಇಡಿ. 230 ವೋಲ್ಟ್ ಇದ್ದರೆ 240ಕ್ಕೆ ಇಡುವುದು ಕ್ಷೇಮ. ಸ್ಪೀಕರ್ ಸೇರಿಸಿದ್ದೀರಾ ಅಂತ ಎರಡು ಸಲ ನೋಡಿ. ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಟ್ರಾನ್ಸ್‌ಫಾರ್ಮರ್ ಸೆಟ್ ಆದರೆ ಮೊದಲು ರೆಕ್ಟಿಫೈಯರ್ ವಾಲ್ವ್ ತೆಗೆದಿಟ್ಟು ಬಲ್ಬ್ ಟೆಸ್ಟರಿನ ಮೂಲಕ ಆನ್ ಮಾಡಿ. ಹೀಟರುಗಳು ಸಣ್ಣಗೆ ಕೆಂಪಾಗಬೇಕು, ಡಯಲ್ ದೀಪ ಹತ್ತಬೇಕು. ಟ್ರಾನ್ಸ್‌ಫಾರ್ಮರ್ ಹತ್ತು ನಿಮಿಷ ತಣ್ಣಗಿದ್ದರೆ ಸರಿ. ಸರಣಿ ಹೀಟರಿನ ಸೆಟ್ಟಿನಲ್ಲಿ ಈ ಹೆಜ್ಜೆ ನಡೆಯುವುದಿಲ್ಲ, ಒಂದು ವಾಲ್ವ್ ತೆಗೆದರೂ ಎಲ್ಲ ಆರುತ್ತವೆ.

ಈಗ ರೆಕ್ಟಿಫೈಯರ್ ಹಾಕಿ. ಮೀಟರನ್ನು ಮೊದಲೇ ಬಿ ಪ್ಲಸ್ಸಿಗೆ ಕ್ಲಿಪ್ ಮಾಡಿಡಿ, ಕೈಯಲ್ಲಿ ಹಿಡಿಯಬೇಡಿ. ಆನ್ ಮಾಡಿದಾಗ ಕಣ್ಣು ಬಲ್ಬಿನ ಮೇಲಿರಲಿ. ಒಂದೆರಡು ಸೆಕೆಂಡ್ ಜೋರಾಗಿ ಉರಿದು ಮಂಕಾಗುತ್ತದೆ. ಹೀಟರುಗಳು ತಣ್ಣಗಿದ್ದಾಗ ರೆಸಿಸ್ಟೆನ್ಸ್ ಕಡಿಮೆ, ಅದಕ್ಕೆ ಹಾಗೆ. ವಾಲ್ವುಗಳು ಕಾದು ಕರೆಂಟ್ ಎಳೆಯಲು ಶುರು ಮಾಡಿದಾಗ ಬಲ್ಬ್ ಮತ್ತೆ ತುಸು ಬೆಳಗುತ್ತದೆ. ಇದು ಆರೋಗ್ಯದ ಲಕ್ಷಣ. ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ ಶಾರ್ಟ್ ಹುಡುಕಿ.

ಎಲ್ಲ ಸರಿ ಅನ್ನಿಸಿದರೆ ಔಟ್‌ಪುಟ್ ವಾಲ್ವಿನ ಕ್ಯಾಥೋಡ್ (ಕಾದು ಎಲೆಕ್ಟ್ರಾನ್ ಹೊರಬಿಡುವ ಭಾಗ) ವೋಲ್ಟೇಜ್ ನೋಡಿ. ಇಎಲ್84 ಇದ್ದು, ಕ್ಯಾಥೋಡಿನಲ್ಲಿ 135 ಓಮ್ ಆಸುಪಾಸಿನ ರೆಸಿಸ್ಟರ್ ಇದ್ದರೆ, 3ನೇ ಪಿನ್ನಿನಲ್ಲಿ ಪೂರ್ತಿ ಕರೆಂಟಿನಲ್ಲಿ ಸುಮಾರು 7 ವೋಲ್ಟ್ ಬರಬೇಕು. ಬಲ್ಬ್ ಟೆಸ್ಟರಿನಲ್ಲಿ ಇನ್ನೂ ಕಡಿಮೆ ಬರುತ್ತದೆ. 12, 15 ಬಂದರೆ ವಾಲ್ವ್ ಜಾಸ್ತಿ ಎಳೆಯುತ್ತಿದೆ. 2ನೇ ಪಿನ್ನಿನ ಗ್ರಿಡ್ಡಿನಲ್ಲಿ ಪಾಸಿಟಿವ್ ವೋಲ್ಟೇಜ್ ಇದೆಯಾ ಅಳೆಯಿರಿ. ಸೊನ್ನೆ ಇರಬೇಕು. ಕಪ್ಲಿಂಗ್ ಕೆಪ್ಯಾಸಿಟರ್ ಹೊಸದಾಗಿದ್ದೂ ಅಲ್ಲಿ ಪಾಸಿಟಿವ್ ಬಂದರೆ, ಆಗ ಮಾತ್ರ ವಾಲ್ವಿನ ಮೇಲೆ ಅನುಮಾನ ಪಡಿ.

ಬಂದ ಸದ್ದುಗಳನ್ನು ಓದುವುದು

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಂಟ್ರೋಲಿನ ಒಳಗೆ ಕೊಳೆ. ರೇಡಿಯೋ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಬ್ಯಾಂಡ್ ಸ್ವಿಚ್ಚಿಗೂ ಇದೇ ಮದ್ದು. ಗುಂಯ್ ಸದ್ದು ವಾಲ್ಯೂಮ್ ಇಳಿಸಿದರೂ ಇದ್ದರೆ ಫಿಲ್ಟರ್ ಕಡೆ ನೋಡಿ. ಆಡಿಯೋ ಚೆನ್ನಾಗಿದ್ದು ಸ್ಟೇಷನ್ ಬಾರದಿದ್ದರೆ ಸ್ಥಳೀಯ ಆಸಿಲೇಟರ್ (ಸೆಟ್ಟಿನ ಒಳಗೇ ತನ್ನದೊಂದು ಆವರ್ತನ ಹುಟ್ಟಿಸುವ ಭಾಗ) ಓಡುತ್ತಿಲ್ಲದಿರಬಹುದು. ಪಕ್ಕದಲ್ಲಿ ಇನ್ನೊಂದು ಟ್ರಾನ್ಸಿಸ್ಟರ್ ರೇಡಿಯೋ ಇಟ್ಟು ನೋಡಿ. ನಿಮ್ಮ ಸೆಟ್ಟಿನ ಡಯಲಿಗಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಅದರಲ್ಲಿ ಸದ್ದು ಬದಲಾದರೆ ಆಸಿಲೇಟರ್ ಜೀವಂತ ಇದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನದ ಗುಟ್ಟೇ ಇದು. ಬಂದ ಪ್ರತಿ ಸ್ಟೇಷನ್ನನ್ನೂ ಒಂದೇ ಮಧ್ಯಂತರ ಆವರ್ತನಕ್ಕೆ (ಐ.ಎಫ್.) ಇಳಿಸಿಕೊಂಡು ಅಲ್ಲಿ ದೊಡ್ಡದು ಮಾಡುತ್ತದೆ.

ಸ್ಪೀಕರಿನ ಕಾಗದ ಹರಿದು ಬರಬರ ಅನ್ನುತ್ತಿದ್ದರೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಗೋಂದಿನಲ್ಲಿ ಅಂಟಿಸಿ. ದಪ್ಪ ಬೇಡ, ಕೋನ್ ಭಾರವಾಗುತ್ತದೆ.

ಐ.ಎಫ್. ಟ್ರಾನ್ಸ್‌ಫಾರ್ಮರಿನ ಡಬ್ಬಿಗಳ ಮೇಲೆ ಸ್ಕ್ರೂ ಕಾಣುತ್ತದೆ ಅಂತ ತಿರುಗಿಸಬೇಡಿ. ಸಿಗ್ನಲ್ ಜನರೇಟರ್ ಇಲ್ಲದೆ ಮುಟ್ಟಿದರೆ ವಾಪಸ್ ತರುವುದು ಕಷ್ಟ, ಫೆರೈಟ್ ತಿರುಳಂತೂ ಲೋಹದ ಸ್ಕ್ರೂಡ್ರೈವರಿಗೆ ಚೂರಾಗುತ್ತದೆ. ಕೆಪ್ಯಾಸಿಟರ್ ಬದಲಿಸಿದ ಮೇಲೆ ಹತ್ತರಲ್ಲಿ ಎಂಟು ಸೆಟ್ಟುಗಳಿಗೆ ಅದರ ಅಗತ್ಯವೇ ನನಗೆ ಬಿದ್ದಿಲ್ಲ.

ಪೆಟ್ಟಿಗೆ

ಬೇಕಲೈಟ್ ಆದರೆ ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಲೋಹಕ್ಕೆ ಹಚ್ಚುವ ಪಾಲಿಶ್ ಪೇಸ್ಟಿನಿಂದ ಮೆತ್ತಗೆ ಉಜ್ಜಿ. ನೆನೆಹಾಕಬೇಡಿ. ಅದರ ಹೊಟ್ಟೆಯಲ್ಲಿ ಮರದ ಪುಡಿ ಇದೆ, ಮೇಲಿನ ಹೊಳಪಿನ ಪದರ ಸವೆದಿದ್ದರೆ ನೀರು ಕುಡಿಯುತ್ತದೆ. ಮರದ ಪೆಟ್ಟಿಗೆಯ ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಬಿಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅದನ್ನೇ ಮತ್ತೆ ಬಳಿಯಬಹುದು. ಹಳೆಯ ಪಾಲಿಶ್ ಪೂರ್ತಿ ಕೆರೆದು ಹೊಸದರಂತೆ ಮಾಡುವ ಹುಚ್ಚು ನನಗಿಲ್ಲ. ಒಂದೆರಡು ಗೀರು ಇದ್ದರೆ ಇರಲಿ.

ಮುಚ್ಚುವ ಮುಂಚೆ ಒಂದು ಗಂಟೆ ಪೂರ್ತಿ ವೋಲ್ಟೇಜಿನಲ್ಲಿ ಓಡಿಸಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಮುಟ್ಟಿ. ಬಿಸಿ ಇರಬಹುದು, ಆದರೆ ಕೈ ಇಡಲಾಗದಷ್ಟು ಅಲ್ಲ. ಏರಿಯಲ್‌ಗೆ (ಆಂಟೆನಾ) ಐದಾರು ಮೀಟರ್ ತಂತಿ ಸಾಕು. ಪರೀಕ್ಷೆಯನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಹಗಲು ಮೀಡಿಯಂ ವೇವ್ ಅಲೆಗಳನ್ನು ನುಂಗುವ ಆಕಾಶದ ಪದರ ಸಂಜೆಯ ನಂತರ ಕರಗುತ್ತದೆ, ಆಗ ದೂರದ ಸ್ಟೇಷನ್ನುಗಳೂ ತೇಲಿ ಬರುತ್ತವೆ. ಎಷ್ಟು ತಿರುಗಿಸಿದರೂ ಬರೀ ಕರ್ ಅಂತ ಸದ್ದೇ ಬಂದರೆ ಮತ್ತೆ ಚಾಸಿ ಬಿಚ್ಚಬೇಡಿ. ಮೊದಲು ಮನೆಯ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ನೋಡಿ. ನಾನು ಎರಡು ರಾತ್ರಿ ಹುಡುಕಿದ ದೋಷ ಮೇಜಿನ ಮೇಲಿನ ದೀಪದಲ್ಲೇ ಇತ್ತು.